ಗರ್ಭಸ್ಥ ಶಿಶುವಿನ ವರ್ಣತಂತು ಪರೀಕ್ಷೆ: ಸಂದೇಹ ಬೇರೆ, ನಿರ್ಣಯ ಬೇರೆ

ಮಗು ಹುಟ್ಟುವ ಮೊದಲೇ ಅದರ ಆರೋಗ್ಯವನ್ನು ಅರಿಯಬೇಕೆಂಬ ಆಸೆ ಮನುಷ್ಯನಿಗೆ ಹೊಸದೇನಲ್ಲ. ಬಸುರಿಯ ಬಯಕೆ, ನಡಿಗೆ, ಮುಖದ ಕಳೆ ಇವುಗಳನ್ನು ನೋಡಿ ಭವಿಷ್ಯ ಹೇಳುವ ಹಿರಿಯರು ಎಲ್ಲ ಊರುಗಳಲ್ಲಿಯೂ ಇದ್ದರು. ಇಂದು ಆ ಸ್ಥಾನಕ್ಕೆ ಪ್ರಯೋಗಶಾಲೆಯ ವರದಿ ಬಂದಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಂತಹ ಮಹಾನಗರಗಳಲ್ಲಿ ಮೂರು ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಅನೇಕ ಗರ್ಭಿಣಿಯರ ಕೈಗೆ ಇಂತಹ ಒಂದೆರಡು ವರದಿಗಳು ಬಂದಿರುತ್ತವೆ. ಬಹುಪಾಲು ವರದಿಗಳು ನೆಮ್ಮದಿ ತರುವಂಥವು. ಕೆಲವರ ವರದಿಯಲ್ಲಿ ಮಾತ್ರ ‘ಸಂಭವ ಹೆಚ್ಚು’ ಎಂಬ ಮಾತಿರುತ್ತದೆ. ಅದರ ಪಕ್ಕದಲ್ಲಿ ಮನೆಯವರು ಯಾರೂ ಕೇಳಿರದ ಒಂದು ವರ್ಣತಂತುವಿನ ಸಂಖ್ಯೆಯಿರುತ್ತದೆ. ಆ ಹೊತ್ತಿನಲ್ಲಿ ದಂಪತಿಗಳನ್ನು ಆವರಿಸುವ ದಿಗಿಲು ಸಹಜವಾದದ್ದೇ. ಆದರೆ ಆ ವರದಿಯನ್ನು ತೀರ್ಪೆಂದು ಭಾವಿಸಿ ಕೈಗೊಳ್ಳುವ ನಿರ್ಧಾರ, ಆರೋಗ್ಯವಂತ ಶಿಶುವನ್ನು ಕಳೆದುಕೊಳ್ಳುವಲ್ಲಿ ಮುಗಿಯಬಹುದು. ಆದುದರಿಂದ ಈ ಪರೀಕ್ಷೆಗಳು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನು ತಿಳಿದಿರುವುದು ಪ್ರತಿಯೊಂದು ಕುಟುಂಬಕ್ಕೂ ಅವಶ್ಯಕ.

ವರ್ಣತಂತುಗಳು

ನಮ್ಮ ದೇಹ ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಕೋಶದ ನಡುವಣ ಬೀಜಕೇಂದ್ರದಲ್ಲಿ ದಾರದ ಎಳೆಗಳಂತಹ ವರ್ಣತಂತುಗಳಿವೆ. ಇವೇ ಕ್ರೋಮೋಸೋಮುಗಳು. ಕಣ್ಣಿನ ಬಣ್ಣದಿಂದ ಹಿಡಿದು ಹೃದಯದ ರಚನೆಯವರೆಗೆ ದೇಹನಿರ್ಮಾಣದ ಸಮಸ್ತ ಸೂಚನೆಗಳೂ ಇವುಗಳಲ್ಲಿ ಅಡಗಿವೆ. ಮನುಷ್ಯನಲ್ಲಿ ಇವು 46 ಎಂಬುದು ಖಚಿತವಾದದ್ದು 1956ರಲ್ಲಿ. ತ್ಜಿಯೋ ಮತ್ತು ಲೆವಾನ್ ಎಂಬ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಈ 46 ತಂತುಗಳು 23 ಜೊತೆಗಳಾಗಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು.

ಅಂಡಾಣುವೂ ವೀರ್ಯಾಣುವೂ ರೂಪುಗೊಳ್ಳುವಾಗ ಜೊತೆಗಳು ಬಿಡಿಯಾಗಿ, ಪ್ರತಿಯೊಂದರ ಪಾಲಿಗೂ 23 ಮಾತ್ರ ಬರಬೇಕು. ಕೆಲವೊಮ್ಮೆ ಒಂದು ಜೊತೆ ಬಿಡಿಯಾಗದೆ ಹಾಗೆಯೇ ಉಳಿಯುತ್ತದೆ. ಆಗ ಶಿಶುವಿನಲ್ಲಿ ಆ ತಂತುವಿನ ಎರಡು ಪ್ರತಿಗಳ ಬದಲು ಮೂರು ಪ್ರತಿಗಳಾಗುತ್ತವೆ. ಇದಕ್ಕೆ ಟ್ರೈಸೋಮಿ ಎಂದು ಹೆಸರು. 1866ರಲ್ಲಿ ಲ್ಯಾಂಗ್ಡನ್ ಡೌನ್ ಎಂಬ ಆಂಗ್ಲ ವೈದ್ಯ ವರ್ಣಿಸಿದ ಸ್ಥಿತಿಗೆ 21ನೆಯ ತಂತುವಿನ ಮೂರನೆಯ ಪ್ರತಿಯೇ ಕಾರಣವೆಂದು 1959ರಲ್ಲಿ ಫ್ರಾನ್ಸಿನ ಲೆಜೂನ್, ಗೋತಿಯೆ ಮತ್ತು ಟರ್ಪಿನ್ ಕಂಡುಹಿಡಿದರು. ಮರುವರ್ಷವೇ, 1960ರಲ್ಲಿ, ಹೆಚ್ಚು ವಿರಳವೂ ಹೆಚ್ಚು ತೀವ್ರವೂ ಆದ 18ನೆಯ ಮತ್ತು 13ನೆಯ ತಂತುಗಳ ಟ್ರೈಸೋಮಿಗಳನ್ನು ಎಡ್ವರ್ಡ್ಸ್ ಹಾಗೂ ಪಟಾವು ವರದಿ ಮಾಡಿದರು.

ಇಂತಹ ತಪ್ಪು ಯಾರ ಅಪರಾಧದಿಂದಲೂ ಆಗುವುದಲ್ಲ. ಗ್ರಹಣದ ದಿನ ಹೊರಗೆ ಬಂದದ್ದು, ಪಪ್ಪಾಯಿ ತಿಂದದ್ದು, ಲೋಕಲ್ ರೈಲಿನಲ್ಲಿ ನಿಂತು ಪ್ರಯಾಣ ಮಾಡಿದ್ದು ಇವು ಯಾವುವೂ ವರ್ಣತಂತುಗಳ ಸಂಖ್ಯೆಯನ್ನು ಬದಲಾಯಿಸಲಾರವು. ಟ್ರೈಸೋಮಿಯ ಸಂಭವವನ್ನು ಹೆಚ್ಚಿಸುವುದೆಂದು ಖಚಿತವಾಗಿರುವ ಮುಖ್ಯ ಅಂಶ ತಾಯಿಯ ವಯಸ್ಸು. 25ರ ತಾಯಿಗೆ ಡೌನ್ ಸ್ಥಿತಿಯ ಮಗು ಹುಟ್ಟುವ ಸಂಭವ ಸುಮಾರು 1,250ರಲ್ಲಿ ಒಂದು. 35ರಲ್ಲಿ ಸುಮಾರು 350ರಲ್ಲಿ ಒಂದು. 40ರಲ್ಲಿ ಸುಮಾರು 100ರಲ್ಲಿ ಒಂದು. ಓದು, ನೌಕರಿ, ಸ್ವಂತ ಮನೆ ಎಂದು ಮದುವೆಯೂ ಮಕ್ಕಳೂ ಮುಂದಕ್ಕೆ ಹೋಗುವ ನಗರಜೀವನದಲ್ಲಿ ಈ ಅಂಕಿಗಳು ಗಮನಾರ್ಹ.

ಪ್ರಕೃತಿ ತಾನಾಗಿಯೇ ಬಹಳಷ್ಟು ದೋಷಗಳನ್ನು ಆರಂಭದಲ್ಲಿಯೇ ನಿವಾರಿಸುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ವರ್ಣತಂತು ದೋಷವೇ ಕಾರಣ. ಅವುಗಳಲ್ಲಿ ಅತಿ ಸಾಮಾನ್ಯವಾದ ಟ್ರೈಸೋಮಿ 16ನೆಯ ತಂತುವಿನದು. ಶಿಶುವಿನ ಎಲ್ಲ ಕೋಶಗಳಲ್ಲಿಯೂ ಅದು ಇದ್ದಲ್ಲಿ ಬಸಿರು ಪೂರ್ಣಾವಧಿಯನ್ನು ಮುಟ್ಟುವುದಿಲ್ಲ.

ವಿರಳ ದೋಷಗಳ ಬಗೆಗಳು

21, 18, 13ನೆಯ ತಂತುಗಳ ಹೊರತಾಗಿ ಉಳಿದ ತಂತುಗಳಿಗೆ ಸಂಬಂಧಿಸಿದ ದೋಷಗಳನ್ನು ವಿರಳ ದೋಷಗಳೆಂದು ಸ್ಥೂಲವಾಗಿ ಕರೆಯಬಹುದು. ಅವುಗಳಲ್ಲಿ ನಾಲ್ಕು ಬಗೆಗಳು ಮುಖ್ಯವಾದವು.

ಮೊದಲನೆಯದು 7, 15, 16, 22 ಮೊದಲಾದ ತಂತುಗಳ ವಿರಳ ಟ್ರೈಸೋಮಿ. ಎರಡನೆಯದು ಯಾವುದೋ ತಂತುವಿನ ಸಣ್ಣ ತುಂಡೊಂದರ ಲೋಪ ಅಥವಾ ದ್ವಿಗುಣ. 22ನೆಯ ತಂತುವಿನ ಸಣ್ಣ ತುಂಡು ಲೋಪವಾದರೆ ಹೃದಯದ ಹುಟ್ಟುದೋಷ, ಸೀಳು ಅಂಗುಳ, ರೋಗನಿರೋಧಕ ಶಕ್ತಿಯ ಕೊರತೆ ಕಂಡುಬರಬಹುದು. ಇದು ಸುಮಾರು 4,000 ಜನನಗಳಲ್ಲಿ ಒಂದು. 5ನೆಯ ತಂತುವಿನ ತುದಿ ಲೋಪವಾದ ಶಿಶುವಿನ ಅಳು ಬೆಕ್ಕಿನ ಮರಿಯ ಕೂಗಿನಂತಿರುತ್ತದೆ. ಇದನ್ನು 1963ರಲ್ಲಿ ಲೆಜೂನ್ ಅವರೇ ವರ್ಣಿಸಿದರು. ತುಂಡು ಲೋಪಗಳಿಗೂ ತಾಯಿಯ ವಯಸ್ಸಿಗೂ ಸಂಬಂಧವಿಲ್ಲ. ಇಪ್ಪತ್ತೆರಡರ ತಾಯಿಗೂ ನಲವತ್ತರ ತಾಯಿಗೂ ಸಂಭವ ಒಂದೇ.

ಮೂರನೆಯದು ಸ್ಥಾನಾಂತರ, ಅಂದರೆ ಒಂದು ತಂತುವಿನ ತುಂಡು ಮುರಿದು ಬೇರೊಂದು ತಂತುವಿಗೆ ಅಂಟಿಕೊಳ್ಳುವುದು. ನಾಲ್ಕನೆಯದು ಮಿಶ್ರಕೋಶ ಸ್ಥಿತಿ. ವೈದ್ಯರು ಇದನ್ನು ಮೊಸಾಯಿಕ್ ಎನ್ನುತ್ತಾರೆ. ಇದರಲ್ಲಿ ಕೆಲವು ಕೋಶಗಳು ಸರಿಯಾಗಿದ್ದು ಕೆಲವು ಮಾತ್ರ ದೋಷಯುಕ್ತವಾಗಿರುತ್ತವೆ. ಈ ನಾಲ್ಕರಲ್ಲಿ ಯಾವುದು ಎಂಬುದರ ಮೇಲೆ ಬಸಿರಿನ ಮುಂದಿನ ಗತಿ ನಿಂತಿದೆ.

ಜರಡಿ ಪರೀಕ್ಷೆಗಳು

ಗರ್ಭಿಣಿಯರಿಗೆ ಮೊದಲು ಮಾಡುವ ಪರೀಕ್ಷೆಗಳನ್ನು ಸ್ಕ್ರೀನಿಂಗ್ ಪರೀಕ್ಷೆಗಳೆನ್ನುತ್ತಾರೆ. ಇವನ್ನು ಜರಡಿ ಪರೀಕ್ಷೆಗಳೆಂದು ಕರೆಯುವುದು ಉಚಿತ. ಜರಡಿಯ ಮೇಲೆ ಉಳಿದದ್ದೆಲ್ಲ ಕಲ್ಲಲ್ಲ. ದಪ್ಪ ಕಾಳೂ ಉಳಿಯುತ್ತದೆ. ಕಲ್ಲೋ ಕಾಳೋ ಎಂಬುದನ್ನು ಮತ್ತೆ ಕೈಯಿಂದ ಆರಿಸಿ ನೋಡಬೇಕು.

ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ 11ನೆಯ ವಾರದಿಂದ 13 ವಾರ 6 ದಿನಗಳವರೆಗೆ ಮಾಡುವ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ಶಿಶುವಿನ ಕತ್ತಿನ ಹಿಂಭಾಗದ ಚರ್ಮದಡಿಯಲ್ಲಿ ಸಂಗ್ರಹವಾಗಿರುವ ದ್ರವದ ದಪ್ಪವನ್ನು ಅಳೆಯುತ್ತಾರೆ. ಇದು 3.5 ಮಿಲಿಮೀಟರನ್ನು ಮೀರಿದರೆ ವರ್ಣತಂತು ದೋಷದ ಹಾಗೂ ಹೃದಯದೋಷದ ಶಂಕೆ ಬಲವಾಗುತ್ತದೆ. ಇದರ ಜೊತೆಗೆ ತಾಯಿಯ ರಕ್ತದಲ್ಲಿ ಎರಡು ವಸ್ತುಗಳನ್ನು ಅಳೆಯುವ ‘ಡಬಲ್ ಮಾರ್ಕರ್’ ಪರೀಕ್ಷೆಯನ್ನೂ ಸೇರಿಸಿದರೆ ಡೌನ್ ಸ್ಥಿತಿಯ ಶಿಶುಗಳಲ್ಲಿ ನೂರಕ್ಕೆ 85ರಿಂದ 90ರಷ್ಟು ಪತ್ತೆಯಾಗುತ್ತವೆ. ಆದರೆ ದೋಷವಿಲ್ಲದ ನೂರು ಬಸಿರುಗಳಲ್ಲಿ ಸುಮಾರು ಐದು ಸಹ ಈ ಜರಡಿಯ ಮೇಲೆ ಉಳಿಯುತ್ತವೆ. ಈ ಅವಧಿ ತಪ್ಪಿದವರಿಗೆ 15ರಿಂದ 20 ವಾರಗಳ ನಡುವೆ ‘ಕ್ವಾಡ್ರುಪಲ್’ ರಕ್ತಪರೀಕ್ಷೆಯುಂಟು.

ಇವುಗಳಿಗಿಂತ ಸೂಕ್ಷ್ಮವಾದದ್ದು ಡಿ.ಎನ್.ಎ. ಜರಡಿ ಪರೀಕ್ಷೆ. ಗರ್ಭಿಣಿಯ ರಕ್ತದಲ್ಲಿ ಬಸಿರಿಗೆ ಸಂಬಂಧಿಸಿದ ಡಿ.ಎನ್.ಎ. ಚೂರುಗಳು ತೇಲುತ್ತಿರುತ್ತವೆಂದು 1997ರಲ್ಲಿ ಡೆನಿಸ್ ಲೋ ಮತ್ತು ಸಹೋದ್ಯೋಗಿಗಳು ತೋರಿಸಿದರು. 2011ರಿಂದ ಇದು ಪರೀಕ್ಷೆಯ ರೂಪದಲ್ಲಿ ಬಳಕೆಗೆ ಬಂದಿತು. 10 ವಾರ ತುಂಬಿದ ಮೇಲೆ ತಾಯಿಯ ತೋಳಿನಿಂದ ಸ್ವಲ್ಪ ರಕ್ತ ತೆಗೆದರೆ ಸಾಕು. ಶಿಶುವಿಗೆ ಯಾವ ಅಪಾಯವೂ ಇಲ್ಲ. ಡೌನ್ ಸ್ಥಿತಿಯ ಶಿಶುಗಳಲ್ಲಿ ನೂರಕ್ಕೆ 99ರಷ್ಟನ್ನು ಇದು ಗುರುತಿಸುತ್ತದೆ. ಇತ್ತೀಚೆಗೆ ಇದೇ ರಕ್ತದ ಮಾದರಿಯಲ್ಲಿ ವಿರಳ ಟ್ರೈಸೋಮಿಗಳನ್ನೂ ಸಣ್ಣ ತುಂಡು ಲೋಪಗಳನ್ನೂ ಹುಡುಕುವ ವಿಸ್ತೃತ ಪರೀಕ್ಷೆಗಳನ್ನು ಪ್ರಯೋಗಶಾಲೆಗಳು ನೀಡುತ್ತಿವೆ. ಗೊಂದಲ ಆರಂಭವಾಗುವುದು ಇಲ್ಲಿಯೇ.

ವಿರಳತೆಯ ಲೆಕ್ಕ

‘ನೂರಕ್ಕೆ 99ರಷ್ಟು ನಿಖರ’ ಎಂಬ ಮಾತನ್ನು ಓದಿದವರು, ವರದಿಯಲ್ಲಿ ದೋಷವೆಂದು ಬಂದರೆ ಶಿಶುವಿನಲ್ಲಿ ದೋಷವಿರುವ ಸಂಭವವೂ ನೂರಕ್ಕೆ 99 ಎಂದು ತಿಳಿಯುತ್ತಾರೆ. ಈ ತಿಳುವಳಿಕೆ ಸರಿಯಲ್ಲ. ಒಂದು ಕಾಲ್ಪನಿಕ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ.

ಒಂದು ಪರೀಕ್ಷೆಯು ದೋಷವಿರುವ 100 ಶಿಶುಗಳಲ್ಲಿ 99ನ್ನು ಹಿಡಿಯುತ್ತದೆ, ದೋಷವಿಲ್ಲದ 1,000 ಶಿಶುಗಳಲ್ಲಿ ಒಂದನ್ನು ಮಾತ್ರ ತಪ್ಪಾಗಿ ತೋರಿಸುತ್ತದೆ ಎಂದು ಇಟ್ಟುಕೊಳ್ಳೋಣ. ಒಂದು ಲಕ್ಷ ಗರ್ಭಿಣಿಯರಿಗೆ ಈ ಪರೀಕ್ಷೆಯಾಗಲಿ. ದೋಷವು 1,000ಕ್ಕೆ ಒಂದರಂತೆ ಇದ್ದರೆ, ಲಕ್ಷದಲ್ಲಿ 100 ಶಿಶುಗಳಿಗೆ ದೋಷವಿರುತ್ತದೆ. ಅವುಗಳಲ್ಲಿ 99 ಪತ್ತೆಯಾಗುತ್ತವೆ. ಉಳಿದ 99,900 ಆರೋಗ್ಯವಂತ ಶಿಶುಗಳಲ್ಲಿಯೂ ಸುಮಾರು 100 ತಪ್ಪಾಗಿ ದೋಷಯುಕ್ತವೆಂದು ಬರುತ್ತವೆ. ಅಂದರೆ ‘ಸಂಭವ ಹೆಚ್ಚು’ ಎಂಬ ವರದಿ ಪಡೆದವರಲ್ಲಿ ಅರ್ಧದಷ್ಟು ಮಂದಿಯ ಶಿಶುಗಳು ಆರೋಗ್ಯವಾಗಿಯೇ ಇರುತ್ತವೆ.

ದೋಷ ಇನ್ನೂ ವಿರಳವಾಗಿದ್ದು 10,000ಕ್ಕೆ ಒಂದರಂತೆ ಇದ್ದರೆ? ಲಕ್ಷದಲ್ಲಿ ದೋಷವಿರುವ ಶಿಶುಗಳು 10. ತಪ್ಪಾಗಿ ಬರುವವು ಆಗಲೂ ಸುಮಾರು 100. ಈಗ ಹನ್ನೊಂದು ವರದಿಗಳಲ್ಲಿ ಒಂದು ಮಾತ್ರ ನಿಜ, ಹತ್ತು ಸುಳ್ಳು. ಪರೀಕ್ಷೆ ಅದೇ, ಯಂತ್ರ ಅದೇ, ಪ್ರಯೋಗಶಾಲೆಯೂ ಅದೇ. ಬದಲಾದದ್ದು ದೋಷದ ವಿರಳತೆ ಮಾತ್ರ. ದೋಷ ವಿರಳವಾದಷ್ಟೂ ವರದಿಯ ಮೇಲಿನ ಭರವಸೆ ಕಡಿಮೆಯಾಗಬೇಕು ಎಂಬುದೇ ಇದರ ಸಾರ.

ಈ ಲೆಕ್ಕಕ್ಕೆ ಅನುಭವದ ಬೆಂಬಲವೂ ಇದೆ. ನೆದರ್ಲೆಂಡ್ಸ್ ದೇಶವು 2017ರ ಏಪ್ರಿಲಿನಿಂದ ಎಲ್ಲ ಗರ್ಭಿಣಿಯರಿಗೂ ಡಿ.ಎನ್.ಎ. ಜರಡಿ ಪರೀಕ್ಷೆಯನ್ನು ಒದಗಿಸಿತು. ಮೊದಲ ವರ್ಷದಲ್ಲಿ 73,239 ಮಂದಿ ಪರೀಕ್ಷೆ ಮಾಡಿಸಿಕೊಂಡರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಟ್ರೈಸೋಮಿ 21 ಎಂದು ಬಂದ ವರದಿಗಳಲ್ಲಿ ನೂರಕ್ಕೆ 96 ನಿಜವಾದವು. ಟ್ರೈಸೋಮಿ 13ರಲ್ಲಿ ನಿಜವಾದದ್ದು ನೂರಕ್ಕೆ 53. ವಿರಳ ಟ್ರೈಸೋಮಿಗಳಲ್ಲಿಯಾದರೋ ಶಿಶುವಿನಲ್ಲಿ ದೋಷ ದೃಢಪಟ್ಟದ್ದು ನೂರಕ್ಕೆ ಕೇವಲ 6.

2022ರ ಏಪ್ರಿಲಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಈ ಬಗ್ಗೆ ಸಾರ್ವಜನಿಕ ಎಚ್ಚರಿಕೆ ನೀಡಿತು. ದೃಢೀಕರಣ ಪರೀಕ್ಷೆಯಿಲ್ಲದೆ, ಜರಡಿ ಪರೀಕ್ಷೆಯ ವರದಿಯನ್ನಷ್ಟೇ ನಂಬಿ ಕೆಲವರು ಗರ್ಭಪಾತ ಮಾಡಿಸಿಕೊಂಡ ಸಂಗತಿ ತನ್ನ ಗಮನಕ್ಕೆ ಬಂದಿದೆಯೆಂದು ಅದು ತಿಳಿಸಿತು.

ಮಾಸು ನುಡಿಯುವ ಸಾಕ್ಷಿ

ಲೆಕ್ಕದ ಮಾತು ಹಾಗಿರಲಿ. ಜೀವಶಾಸ್ತ್ರದ ಕಾರಣವೂ ಒಂದುಂಟು. ತಾಯಿಯ ರಕ್ತದಲ್ಲಿ ತೇಲುವ ಆ ಡಿ.ಎನ್.ಎ. ಚೂರುಗಳು ಬಹುಮಟ್ಟಿಗೆ ಶಿಶುವಿನಿಂದ ನೇರವಾಗಿ ಬಂದವಲ್ಲ, ಮಾಸಿನಿಂದ ಬಂದವು. ಮಾಸೂ ಶಿಶುವೂ ಒಂದೇ ಮೂಲಕೋಶದಿಂದ ಹುಟ್ಟಿದರೂ ಬೇಗನೆ ಬೇರ್ಪಟ್ಟು ತಮ್ಮ ತಮ್ಮ ದಾರಿಯಲ್ಲಿ ಬೆಳೆಯುತ್ತವೆ. ಮಾಸಿನ ಕೋಶಗಳಲ್ಲಿ ಮಾತ್ರ ದೋಷವಿದ್ದು ಶಿಶು ಸಂಪೂರ್ಣ ಸರಿಯಾಗಿರುವುದು ಸಾಧ್ಯ. ಈ ಸ್ಥಿತಿಯನ್ನು 1983ರಲ್ಲಿ ಕಲೂಸೆಕ್ ಮತ್ತು ಡಿಲ್ ಎಂಬ ಸಂಶೋಧಕರು ವಿವರಿಸಿದರು. ವಿರಳ ಟ್ರೈಸೋಮಿಯ ವರದಿಗಳಲ್ಲಿ ಬಹುಪಾಲು ಇಂಥವೇ.

ಇನ್ನು ಕೆಲವೊಮ್ಮೆ ದೋಷ ತಾಯಿಯದೇ ಆಗಿರಬಹುದು. ಆಕೆಯ ಕೆಲವು ಕೋಶಗಳಲ್ಲಿ ತಿಳಿಯದೆಯೇ ಇದ್ದ ವರ್ಣತಂತು ವ್ಯತ್ಯಾಸ, ಅಪರೂಪವಾಗಿ ಆಕೆಯ ದೇಹದಲ್ಲಿರುವ ಗೆಡ್ಡೆ, ಅವಳಿಗಳಲ್ಲಿ ಮೊದಲೇ ಅಳಿದುಹೋದ ಒಂದು ಭ್ರೂಣ ಇವೂ ವರದಿಯನ್ನು ತಪ್ಪು ದಾರಿಗೆ ಎಳೆಯಬಲ್ಲವು.

ಹಾಗೆಂದು ಇಂತಹ ವರದಿಯನ್ನು ಕಸದ ಬುಟ್ಟಿಗೆ ಹಾಕುವುದೂ ಸರಿಯಲ್ಲ. ಮಾಸಿನಲ್ಲಿ ಮಾತ್ರ ದೋಷವಿದ್ದರೂ, ವಿಶೇಷವಾಗಿ ಅದು 16ನೆಯ ತಂತುವಿನದಾಗಿದ್ದರೆ, ಮಾಸು ತನ್ನ ಕೆಲಸವನ್ನು ಸರಿಯಾಗಿ ಮಾಡದೆ ಶಿಶುವಿನ ಬೆಳವಣಿಗೆ ಕುಂಠಿತವಾಗಬಹುದು, ತಾಯಿಯ ರಕ್ತದೊತ್ತಡ ಏರಬಹುದು, ದಿನ ತುಂಬುವ ಮುನ್ನ ಹೆರಿಗೆಯಾಗಬಹುದು. ಅಂಥವರಿಗೆ ಮೇಲಿಂದ ಮೇಲೆ ಸ್ಕ್ಯಾನ್ ಹಾಗೂ ರಕ್ತದೊತ್ತಡದ ತಪಾಸಣೆ ಅಗತ್ಯ.

ನಿರ್ಣಾಯಕ ಪರೀಕ್ಷೆಗಳು

ಜರಡಿಯ ಮೇಲೆ ಉಳಿದದ್ದನ್ನು ಆರಿಸಿ ನೋಡುವ ಕೆಲಸ ನಿರ್ಣಾಯಕ ಪರೀಕ್ಷೆಗಳದು. ಇವು ಎರಡು. 11ರಿಂದ 13ನೆಯ ವಾರದೊಳಗೆ ಮಾಸಿನ ಚೂರೊಂದನ್ನು ತೆಗೆದು ನೋಡುವುದು ಕೋರಿಯಾನಿಕ್ ವಿಲ್ಲಸ್ ಪರೀಕ್ಷೆ. 15 ವಾರ ತುಂಬಿದ ಮೇಲೆ ಸ್ಕ್ಯಾನಿನ ನೆರವಿನಿಂದ ಸಣ್ಣ ಸೂಜಿಯ ಮೂಲಕ ಗರ್ಭಕೋಶದೊಳಗಿನ ನೀರನ್ನು ತೆಗೆದು ನೋಡುವುದು ಆಮ್ನಿಯೋಸೆಂಟೆಸಿಸ್. ಆ ನೀರಿನಲ್ಲಿ ಶಿಶುವಿನದೇ ಕೋಶಗಳಿರುತ್ತವೆ. ಅವುಗಳನ್ನು ಬೆಳೆಸಿ ವರ್ಣತಂತುಗಳನ್ನು ಎಣಿಸಬಹುದೆಂದು 1966ರಲ್ಲಿ ಸ್ಟೀಲ್ ಮತ್ತು ಬ್ರೆಗ್ ತೋರಿಸಿದರು. ಅಂದಿನಿಂದ ಇಂದಿನವರೆಗೆ ಇದೇ ಭರವಸೆಯ ಪರೀಕ್ಷೆಯಾಗಿ ಉಳಿದಿದೆ.

ವಿರಳ ಟ್ರೈಸೋಮಿಯ ಸಂದೇಹವಿದ್ದಾಗ ಮಾಸಿನ ಚೂರಿಗಿಂತ ಗರ್ಭಜಲದ ಪರೀಕ್ಷೆಯೇ ಮೇಲೆಂದು ತಜ್ಞರು ಹೇಳುವುದರ ಕಾರಣ ಈಗಾಗಲೇ ಸ್ಪಷ್ಟವಾಗಿರಬೇಕು. ಸಂದೇಹ ಹುಟ್ಟಿದ್ದೇ ಮಾಸಿನಿಂದ. ಮತ್ತೆ ಮಾಸನ್ನೇ ಕೇಳಿದರೆ ಅದೇ ಉತ್ತರ ಬಂದೀತು. ಇದಕ್ಕಾಗಿ ಕೆಲವು ವಾರ ಕಾಯಬೇಕಾಗುತ್ತದೆ. ಆ ಕಾಯುವಿಕೆ ಕಠಿಣವಾದರೂ ವ್ಯರ್ಥವಲ್ಲ.

ಸೂಜಿಯೆಂದರೆ ಗರ್ಭಪಾತವಾಗುವುದೆಂಬ ಭಯ ಎಲ್ಲರಲ್ಲಿಯೂ ಉಂಟು. ಹಿಂದೆ ಈ ಅಪಾಯವನ್ನು 200ರಲ್ಲಿ ಒಂದೆಂದು ಹೇಳುತ್ತಿದ್ದರು. ಅನುಭವಿ ವೈದ್ಯರ ಕೈಯಲ್ಲಿ ಅದು ಇನ್ನೂ ಕಡಿಮೆ. 1,000ದಲ್ಲಿ ಒಂದರಿಂದ ಮೂರರಷ್ಟು ಎಂಬುದು ಇತ್ತೀಚಿನ ಅಂದಾಜು. ಮುಖ್ಯ ತಂತುಗಳ ಬಗ್ಗೆ ಎರಡು ಮೂರು ದಿನಗಳಲ್ಲಿ ತ್ವರಿತ ಉತ್ತರ ದೊರೆಯಬಹುದು. ಕೋಶಗಳನ್ನು ಬೆಳೆಸಿ ನೋಡುವ ಪೂರ್ಣ ವರದಿಗೆ ಎರಡು ಮೂರು ವಾರ ಬೇಕು. ಸೂಕ್ಷ್ಮದರ್ಶಕಕ್ಕೆ ಕಾಣದ ತುಂಡು ಲೋಪಗಳನ್ನು ಹುಡುಕಲು ಮೈಕ್ರೋಅರೇ ಎಂಬ ವಿಧಾನವಿದೆ. ಸ್ಕ್ಯಾನಿನಲ್ಲಿ ಅಂಗದೋಷ ಕಂಡು, ಸಾಮಾನ್ಯ ಎಣಿಕೆಯಲ್ಲಿ ಏನೂ ಕಾಣದ ಶಿಶುಗಳ ಪೈಕಿ ನೂರಕ್ಕೆ ಸುಮಾರು 6ರಲ್ಲಿ ಇದು ಮಹತ್ವದ ದೋಷವನ್ನು ಪತ್ತೆ ಮಾಡಿತೆಂದು 2012ರ ಅಮೆರಿಕದ ಅಧ್ಯಯನವೊಂದು ತಿಳಿಸಿತು. ಆದರೆ ಅರ್ಥ ಖಚಿತವಾಗದ ವ್ಯತ್ಯಾಸಗಳನ್ನೂ ಇದು ತೋರಿಸುತ್ತದೆ. ಆಗ ತಂದೆ ತಾಯಿಯರ ರಕ್ತವನ್ನು ಪರೀಕ್ಷಿಸಿ, ಅದೇ ವ್ಯತ್ಯಾಸ ಆರೋಗ್ಯವಂತರಾದ ಅವರಲ್ಲಿಯೂ ಇದೆಯೇ ಎಂದು ನೋಡುತ್ತಾರೆ. ಇದ್ದರೆ ಆತಂಕ ಬಹಳಮಟ್ಟಿಗೆ ಕಡಿಮೆಯಾಗುತ್ತದೆ.

ಬಸಿರಿನ ಮುಂದಿನ ಗತಿ

ದೋಷ ದೃಢಪಟ್ಟ ಮೇಲೂ ಎಲ್ಲ ದೋಷಗಳ ಫಲ ಒಂದೇ ಅಲ್ಲ. 18 ಮತ್ತು 13ನೆಯ ತಂತುಗಳ ಪೂರ್ಣ ಟ್ರೈಸೋಮಿ ಇರುವ ಅನೇಕ ಶಿಶುಗಳು ಗರ್ಭದಲ್ಲಿಯೇ ಅಳಿಯುತ್ತವೆ. ಜೀವಂತ ಹುಟ್ಟಿದವುಗಳಲ್ಲಿಯೂ ಒಂದು ವರ್ಷವನ್ನು ದಾಟುವವು ಕೆಲವೇ. ಡೌನ್ ಸ್ಥಿತಿಯ ಮಕ್ಕಳ ಮಾತು ಬೇರೆ. ಅವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ದೋಷವಿದ್ದರೂ ಅದಕ್ಕೆ ಶಸ್ತ್ರಚಿಕಿತ್ಸೆಯುಂಟು. ಒಳ್ಳೆಯ ವೈದ್ಯಕೀಯ ನೆರವು ದೊರೆಯುವ ದೇಶಗಳಲ್ಲಿ ಅವರು ಅರವತ್ತರ ಆಸುಪಾಸಿನವರೆಗೆ ಬದುಕುತ್ತಾರೆ, ಕಲಿಯುತ್ತಾರೆ, ದುಡಿಯುತ್ತಾರೆ.

ಒಂದೇ ಎಕ್ಸ್ ತಂತುವಿರುವ ಟರ್ನರ್ ಸ್ಥಿತಿ ಇನ್ನೊಂದು ವಿಚಿತ್ರ ಉದಾಹರಣೆ. ಇಂತಹ ಗರ್ಭಗಳಲ್ಲಿ ನೂರಕ್ಕೆ 99ರಷ್ಟು ಮೊದಲೇ ಸ್ರಾವವಾಗುತ್ತವೆ. ಆದರೆ ಉಳಿದು ಹುಟ್ಟಿದ ಹೆಣ್ಣುಮಕ್ಕಳು, ಸುಮಾರು 2,500 ಹೆಣ್ಣುಶಿಶುಗಳಲ್ಲಿ ಒಬ್ಬರು, ಸಾಮಾನ್ಯ ಬುದ್ಧಿಶಕ್ತಿಯವರು; ಗಿಡ್ಡ ನಿಲುವು, ಸಂತಾನಹೀನತೆ, ಕೆಲವರಲ್ಲಿ ಹೃದಯದ ತೊಂದರೆ ಇವು ಅವರ ಸಮಸ್ಯೆಗಳು. ಮಿಶ್ರಕೋಶ ಸ್ಥಿತಿಯಲ್ಲಿ ದೋಷಯುಕ್ತ ಕೋಶಗಳ ಪ್ರಮಾಣ ಮತ್ತು ಅವು ಇರುವ ಅಂಗಗಳನ್ನು ಅವಲಂಬಿಸಿ ಫಲ ಬದಲಾಗುತ್ತದೆ. ಆದುದರಿಂದ ‘ವರ್ಣತಂತು ದೋಷ’ ಎಂಬ ಒಂದೇ ಮಾತಿನಿಂದ ಯಾವ ನಿರ್ಧಾರವನ್ನೂ ಮಾಡಲಾಗದು. ಯಾವ ತಂತು, ಎಷ್ಟು ಭಾಗ, ಎಲ್ಲ ಕೋಶಗಳಲ್ಲಿಯೋ ಕೆಲವುಗಳಲ್ಲಿಯೋ, ಸ್ಕ್ಯಾನಿನಲ್ಲಿ ಅಂಗದೋಷ ಕಂಡಿದೆಯೋ ಇಲ್ಲವೋ ಇವಿಷ್ಟನ್ನೂ ಕೂಡಿಸಿ ನೋಡಬೇಕು. ಇದು ತಳಿಶಾಸ್ತ್ರ ಸಲಹಾತಜ್ಞರ ಕೆಲಸ.

ತಂದೆ ತಾಯಿಯರ ಪರೀಕ್ಷೆ

ಸುಮಾರು 500 ಜನರಲ್ಲಿ ಒಬ್ಬರ ವರ್ಣತಂತುಗಳಲ್ಲಿ ತುಂಡುಗಳು ಸ್ಥಾನ ಬದಲಿಸಿಕೊಂಡಿದ್ದರೂ ಒಟ್ಟು ಮೊತ್ತದಲ್ಲಿ ಕೊರತೆಯಿರುವುದಿಲ್ಲ. ಇದು ಸಮತೋಲದ ಸ್ಥಾನಾಂತರ. ಅವರು ಪೂರ್ಣ ಆರೋಗ್ಯವಂತರು. ತಮ್ಮಲ್ಲಿ ಇದು ಇದೆಯೆಂಬುದು ಅವರಿಗೇ ತಿಳಿದಿರುವುದಿಲ್ಲ. ಆದರೆ ಮಕ್ಕಳಿಗೆ ಹಂಚಿಕೆಯಾಗುವಾಗ ಒಂದು ತುಂಡು ಹೆಚ್ಚಾಗಿ ಇನ್ನೊಂದು ಕಡಿಮೆಯಾಗಿ ಗರ್ಭಸ್ರಾವಗಳೋ ದೋಷಯುಕ್ತ ಶಿಶುವೋ ಆಗಬಹುದು. ಮತ್ತೆ ಮತ್ತೆ ಗರ್ಭಸ್ರಾವವಾಗುವ ದಂಪತಿಗಳಲ್ಲಿ ನೂರಕ್ಕೆ 2ರಿಂದ 5ರಷ್ಟು ಮಂದಿಯಲ್ಲಿ, ಗಂಡನಲ್ಲಿ ಅಥವಾ ಹೆಂಡತಿಯಲ್ಲಿ, ಇದು ಕಂಡುಬರುತ್ತದೆ. ಬಸಿರು ನಿಲ್ಲದ್ದಕ್ಕೆ ಸೊಸೆಯನ್ನು ದೂರುವ ಮನೆಗಳು ಈ ಮಾತನ್ನು ನೆನಪಿನಲ್ಲಿಡಬೇಕು: ಪರೀಕ್ಷೆ ಇಬ್ಬರಿಗೂ ಆಗತಕ್ಕದ್ದು.

ಕನ್ನಡ ನಾಡಿನವರಲ್ಲಿ ರೂಢಿಯಲ್ಲಿರುವ ಇನ್ನೊಂದು ಸಂದೇಹವನ್ನೂ ಇಲ್ಲಿ ಪರಿಹರಿಸಬೇಕು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ್ದರಿಂದ ಡೌನ್ ಮೊದಲಾದ ಟ್ರೈಸೋಮಿಗಳು ಬರುವುದೆಂಬ ನಂಬಿಕೆಗೆ ಆಧಾರವಿಲ್ಲ. ರಕ್ತಸಂಬಂಧದ ಮದುವೆಯಲ್ಲಿ ಹೆಚ್ಚುವುದು ಬೇರೆ ಬಗೆಯ ರೋಗಗಳು. ಗಂಡ ಹೆಂಡತಿ ಇಬ್ಬರಲ್ಲಿಯೂ ಗುಪ್ತವಾಗಿದ್ದ ಒಂದೇ ದೋಷಯುಕ್ತ ಜೀನ್ ಮಗುವಿನಲ್ಲಿ ಕೂಡಿಕೊಂಡು ಪ್ರಕಟವಾಗುವ ರೋಗಗಳು ಅವು. ಸಾಮಾನ್ಯ ವರ್ಣತಂತು ಪರೀಕ್ಷೆಯಲ್ಲಿ ಅವು ಪತ್ತೆಯಾಗುವುದಿಲ್ಲ. ಆದುದರಿಂದ ಅಂತಹ ದಂಪತಿಗಳು ಜರಡಿ ಪರೀಕ್ಷೆಯ ವರದಿ ಚೆನ್ನಾಗಿದೆಯೆಂದು ನಿಶ್ಚಿಂತರಾಗದೆ, ಮನೆತನದ ರೋಗಗಳ ವಿವರವನ್ನು ವೈದ್ಯರಿಗೆ ಪ್ರತ್ಯೇಕವಾಗಿ ತಿಳಿಸಬೇಕು.

ಕಾನೂನು ಏನು ಹೇಳುತ್ತದೆ

ಗರ್ಭಜಲದ ಪರೀಕ್ಷೆ ನಮ್ಮ ದೇಶದಲ್ಲಿ ಹೆಣ್ಣುಭ್ರೂಣಗಳ ಹತ್ಯೆಗೆ ದುರುಪಯೋಗವಾದದ್ದು ಎಲ್ಲರಿಗೂ ತಿಳಿದ ಸಂಗತಿ. ಇದನ್ನು ತಡೆಯಲು ಮಹಾರಾಷ್ಟ್ರವು 1988ರಲ್ಲಿಯೇ ಕಾನೂನು ಮಾಡಿತು. 1994ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದು 1996ರಿಂದ ಜಾರಿಯಾಯಿತು. ಇದರ ಪ್ರಕಾರ ಶಿಶುವಿನ ಲಿಂಗವನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸುವುದು ಅಪರಾಧ, ಕೇಳುವುದೂ ತಪ್ಪು. ವರ್ಣತಂತು ದೋಷಗಳ ಪತ್ತೆಗೆ ಕಾನೂನಿನ ಸಮ್ಮತಿಯುಂಟು.

ಇದೇ ಕಾನೂನಿನಲ್ಲಿ ಹೊರನಾಡ ಕನ್ನಡಿಗರು ಅರಿತಿರಬೇಕಾದ ಒಂದು ವಿಧಿ ಇದೆ. ಪ್ರಸವಪೂರ್ವ ಪರೀಕ್ಷೆಯನ್ನು ಮಾಡುವ ಮುನ್ನ ಅದರ ಪರಿಣಾಮಗಳನ್ನು ಗರ್ಭಿಣಿಗೆ ವಿವರಿಸಿ, ಆಕೆಗೆ ತಿಳಿಯುವ ಭಾಷೆಯಲ್ಲಿ ಆಕೆಯ ಲಿಖಿತ ಒಪ್ಪಿಗೆಯನ್ನು ಪಡೆಯಬೇಕು. ಅದರ ಪ್ರತಿಯನ್ನು ಆಕೆಗೆ ಕೊಡಬೇಕು. ಮದುವೆಯಾಗಿ ಹೊಸದಾಗಿ ನಗರಕ್ಕೆ ಬಂದು, ಮರಾಠಿಯನ್ನೋ ತಮಿಳನ್ನೋ ಹಿಂದಿಯನ್ನೋ ಇನ್ನೂ ಕಲಿಯುತ್ತಿರುವ ಹುಡುಗಿ ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಕಾಗಿಲ್ಲ. ಕನ್ನಡ ಬಲ್ಲವರಿಂದ ಓದಿಸಿ ಕೇಳುವುದು ಆಕೆಯ ಹಕ್ಕು. ಇಂತಹ ಸಂದರ್ಭದಲ್ಲಿ ಕನ್ನಡ ಸಂಘದ ಒಬ್ಬ ಸದಸ್ಯೆ ಜೊತೆಗೆ ಹೋದರೂ ಅದು ದೊಡ್ಡ ಸೇವೆಯೇ.

ಗರ್ಭಪಾತದ ಕಾನೂನು 1971ರದು; 2021ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಕಾನೂನು ಹೇಳುವ ಕಾರಣಗಳಿದ್ದಲ್ಲಿ 20 ವಾರಗಳವರೆಗೆ ಒಬ್ಬ ವೈದ್ಯರ, 20ರಿಂದ 24 ವಾರಗಳವರೆಗೆ ಗೊತ್ತುಪಡಿಸಿದ ಸಂದರ್ಭಗಳಲ್ಲಿ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. 24 ವಾರಗಳ ನಂತರ, ಶಿಶುವಿನಲ್ಲಿ ಗಂಭೀರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ನಿರ್ಣಯಿಸಿದರೆ ಅವಕಾಶವುಂಟು. ವಯಸ್ಕಳಾದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. ಆಕೆಯ ಇಚ್ಛೆಯ ವಿರುದ್ಧ ಗಂಡನಾಗಲಿ ಅತ್ತೆ ಮಾವಂದಿರಾಗಲಿ ನಿರ್ಧರಿಸುವಂತಿಲ್ಲ. ಆಕೆ ಬಸಿರನ್ನು ಮುಂದುವರಿಸುವೆನೆಂದರೆ ಅದಕ್ಕೂ ಅಷ್ಟೇ ಗೌರವ ಸಲ್ಲಬೇಕು.

ವಾರಗಳ ಲೆಕ್ಕ ಮತ್ತು ಕಾಗದಗಳ ಕಟ್ಟು

ಮನೆಯ ಹಿರಿಯರು ತಿಂಗಳ ಲೆಕ್ಕ ಹೇಳುತ್ತಾರೆ. ವೈದ್ಯರು ವಾರಗಳ ಲೆಕ್ಕ ಕೇಳುತ್ತಾರೆ. ವರ್ಣತಂತು ಪರೀಕ್ಷೆಯಲ್ಲಿ ವಾರವೇ ಮುಖ್ಯ. ಮುಟ್ಟು ನಿಂತ ಕೂಡಲೇ ವೈದ್ಯರನ್ನು ಕಂಡು ದಿನಾಂಕವನ್ನು ಗೊತ್ತುಮಾಡಿಕೊಳ್ಳಬೇಕು. 11ರಿಂದ 13ನೆಯ ವಾರದ ಸ್ಕ್ಯಾನ್, ಅಗತ್ಯವಿದ್ದರೆ 15ನೆಯ ವಾರದ ನಂತರ ಗರ್ಭಜಲದ ಪರೀಕ್ಷೆ, 18ರಿಂದ 20ನೆಯ ವಾರದೊಳಗೆ ಅಂಗರಚನೆಯ ಪೂರ್ಣ ಸ್ಕ್ಯಾನ್ ಎಂಬ ಕ್ರಮ ತಪ್ಪದಿದ್ದರೆ, ಏನಾದರೂ ಕಂಡುಬಂದರೂ ಆಲೋಚಿಸಲು ಕಾಲಾವಕಾಶ ಉಳಿಯುತ್ತದೆ. ತಡವಾದಷ್ಟೂ ಕಾನೂನಿನ ಗಡುವು ಹತ್ತಿರವಾಗಿ, ಗಾಬರಿಯಲ್ಲಿ ನಿರ್ಧಾರ ಮಾಡಬೇಕಾದ ಒತ್ತಡ ಬರುತ್ತದೆ.

ಚೊಚ್ಚಲ ಹೆರಿಗೆಗೆ ಮಗಳು ಸೀಮಂತ ಮುಗಿಸಿ ತವರಿಗೆ ಹೋಗುವುದು ನಮ್ಮಲ್ಲಿ ಪದ್ಧತಿ. ಪರೀಕ್ಷೆಗಳೆಲ್ಲ ಮುಂಬಯಿಯಲ್ಲಿ, ಹೆರಿಗೆ ಧಾರವಾಡದಲ್ಲಿಯೋ ಉಡುಪಿಯಲ್ಲಿಯೋ. ಅಲ್ಲಿಯ ವೈದ್ಯರಿಗೆ ಇಲ್ಲಿ ನಡೆದದ್ದು ತಿಳಿಯದಿದ್ದರೆ ಶ್ರಮವೆಲ್ಲ ವ್ಯರ್ಥ. ಮೂಲ ವರದಿಗಳೆಲ್ಲವನ್ನೂ ಒಂದೇ ಕಟ್ಟಿನಲ್ಲಿ ಇಟ್ಟು, ಸೀರೆ ಒಡವೆಗಳ ಜೊತೆಗೆ ಅದನ್ನೂ ತವರಿಗೆ ಒಯ್ಯಬೇಕು. ಮಾಸಿನಲ್ಲಿ ಮಾತ್ರ ದೋಷವೆಂದು ತಿಳಿದಿದ್ದಲ್ಲಿ ಈ ಕಟ್ಟು ಬಹಳ ಮುಖ್ಯ. ಅಂತಹ ಗರ್ಭಿಣಿಗೆ ಕೊನೆಯ ಮೂರು ತಿಂಗಳು ನಿಗಾ ಬೇಕು, ಎಳೆಯ ಶಿಶುಗಳ ಚಿಕಿತ್ಸಾ ಸೌಕರ್ಯವಿರುವ ಆಸ್ಪತ್ರೆಯಲ್ಲಿಯೇ ಹೆರಿಗೆಯಾಗಬೇಕು.

‘ಸಂಭವ ಹೆಚ್ಚು’ ಎಂಬ ವರದಿ ಬಂದಾಗ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಇದು ಜರಡಿ ಪರೀಕ್ಷೆಯೋ ನಿರ್ಣಾಯಕ ಪರೀಕ್ಷೆಯೋ? ಈ ವಯಸ್ಸಿಗೆ, ಈ ದೋಷಕ್ಕೆ, ವರದಿ ನಿಜವಾಗುವ ಸಂಭವ ಎಷ್ಟು? ದೋಷ ಮಾಸಿನಲ್ಲಿ ಮಾತ್ರ ಇರಬಹುದೇ? ಸ್ಕ್ಯಾನಿನಲ್ಲಿ ಏನು ಕಂಡಿದೆ? ದೃಢಪಡಿಸುವ ಪರೀಕ್ಷೆ ಯಾವುದು, ಎಷ್ಟನೆಯ ವಾರದಲ್ಲಿ? ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ, ಹೈದರಾಬಾದಿನ ಡಿ.ಎನ್.ಎ. ಬೆರಳಚ್ಚು ಮತ್ತು ನಿದಾನ ಕೇಂದ್ರ, ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರಗಳಂತಹ ಸಂಸ್ಥೆಗಳು ಈ ಶಾಸ್ತ್ರದಲ್ಲಿ ಪರಿಣತಿಯುಳ್ಳವು. ದೊಡ್ಡ ನಗರಗಳ ಬೋಧನಾ ಆಸ್ಪತ್ರೆಗಳಲ್ಲಿಯೂ ಸಲಹಾತಜ್ಞರು ದೊರೆಯುತ್ತಾರೆ.

ಎಲ್ಲ ಪರೀಕ್ಷೆಗಳೂ ಸರಿಯಾಗಿ ಬಂದ ಮೇಲೂ ನೂರಕ್ಕೆ ನೂರು ನಿಶ್ಚಯವೆಂಬುದು ಇಲ್ಲ. ದೋಷವೆಂದು ಬಂದ ಮೇಲೂ ಎಲ್ಲವೂ ಮುಗಿಯಿತೆಂಬುದಿಲ್ಲ. ದೃಢೀಕರಣದ ವರದಿಗಾಗಿ ಕಾಯುವ ಆ ಎರಡು ಮೂರು ವಾರಗಳು ದಂಪತಿಗಳ ಪಾಲಿಗೆ ಬಹಳ ಉದ್ದವಾದವು. ಆಗ ಬಂಧುಗಳೂ ನೆರೆಹೊರೆಯವರೂ ಉಪದೇಶಕ್ಕಿಂತ ಜೊತೆಯನ್ನು ನೀಡಬೇಕು. ಒಂದು ಜೀವದ ಬಗ್ಗೆ ಹಿಂತೆಗೆದುಕೊಳ್ಳಲಾಗದ ನಿರ್ಧಾರವನ್ನು ಮಾಡುವ ಮುನ್ನ, ಸಂದೇಹವನ್ನು ಸಂದೇಹವಾಗಿಯೇ ಇಟ್ಟುಕೊಂಡು ನಿರ್ಣಯದವರೆಗೆ ಕಾಯುವುದು ಈ ಪರೀಕ್ಷೆಗಳನ್ನು ಸರಿಯಾಗಿ ಬಳಸುವ ಮಾರ್ಗ.